ನಿಂಬೆಹಣ್ಣಿನ ಮೇಲಿದ್ದ ನಾಲ್ಕು ಅಂಕಿ



2025ರ ಅಕ್ಟೋಬರ್ 1ನೇ ತಾರೀಕು ಆಯುಧಪೂಜೆ. ಕಾರು ತೊಳೆದ್ರಿ. ಅರಿಶಿನ ಕುಂಕುಮ ಇಟ್ರಿ, ಚೆಂಡುಹೂವಿನ ಹಾರ ಹಾಕಿದ್ರಿ, ಬೂದುಗುಂಬಳಕಾಯಿ ಒಡೆದ್ರಿ. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಗಾಡಿ ಮುಂದೆ ಬಿಟ್ರಿ. ಪಚಕ್ ಅಂತ ಸದ್ದು ಬಂತು, ದೃಷ್ಟಿ ಹೋಯ್ತು. ಸಂತೋಷ. ನಾನೂ ಮಾಡಿದ್ದೇನೆ. ಈಗ ನನ್ನದೊಂದು ಪ್ರಶ್ನೆ. ಆ ನಿಂಬೆಹಣ್ಣು ಇಡೋಕೆ ಅಂತ ಬಗ್ಗಿದಾಗ, ನಿಮ್ಮ ಮುಖದಿಂದ ಒಂದು ಗೇಣು ದೂರದಲ್ಲಿ, ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇದ್ದವು. ಓದಿದ್ರಾ?

ಹೊಳಲ್ಕೆರೆಯ ನಮ್ಮ ಚಿಕ್ಕಪ್ಪ ಓದಿರಲಿಲ್ಲ. ಅವರನ್ನ ಯಾಕೆ ಬೈಯಲಿ? ದಾವಣಗೆರೆಯಲ್ಲಿ ನಾಲ್ಕು ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ನಾನೇ ಓದಿರಲಿಲ್ಲ.

ಕಥೆ ಹೀಗಿದೆ. ಕಳೆದ ಜೂನ್‌ನಲ್ಲಿ ಚಿಕ್ಕಪ್ಪ ಒಂದು ಸೆಕೆಂಡ್ ಹ್ಯಾಂಡ್ ಡಿಸೈರ್ ತಗೊಂಡ್ರು. 2014ರ ಮಾಡೆಲ್, ಬೆಂಗಳೂರಿನ ಗಾಡಿ, ಮೀಟರ್‌ನಲ್ಲಿ 41 ಸಾವಿರ ಕಿಲೋಮೀಟರ್. ಎರಡು ಮುಕ್ಕಾಲು ಲಕ್ಷ. ಎರಡು ಎಕರೆ ಅಡಿಕೆ ತೋಟದ ಮನುಷ್ಯನಿಗೆ ಅದು ಸಣ್ಣ ಮೊತ್ತ ಅಲ್ಲ. "ನೀನು ಎಂಜಿನಿಯರ್ ಅಲ್ವೇನೋ, ಬಂದು ನೋಡು" ಅಂದ್ರು. ಹೋದೆ. ಬಾನೆಟ್ ಎತ್ತಿದೆ, ಆಯಿಲ್ ನೋಡಿದೆ, ಒಂದು ರೌಂಡ್ ಓಡಿಸಿದೆ. ಟೈರಿಗೆ ಕಾಲಿನಲ್ಲಿ ಒದ್ದು, "ಗ್ರಿಪ್ ಚೆನ್ನಾಗಿದೆ ಚಿಕ್ಕಪ್ಪ, ಇನ್ನೂ ಎರಡು ವರ್ಷ ಯೋಚನೆ ಇಲ್ಲ" ಅಂತ ಸರ್ಟಿಫಿಕೇಟ್ ಕೊಟ್ಟು ಬಂದೆ. ಟೈರಿಗೆ ಒದೆಯೋದು ಯಾವ ಪರೀಕ್ಷೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಎಲ್ಲರೂ ಒದೀತಾರೆ.

ಆಯುಧಪೂಜೆ ಆಗಿ ನಾಲ್ಕನೇ ದಿನ, ಭಾನುವಾರ. ಚಿತ್ರದುರ್ಗದಿಂದ ವಾಪಸ್ ಬರ್ತಾ ಇದ್ದಾರೆ. ಕಾರಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ಎಂಟು ವರ್ಷದ ಮೊಮ್ಮಗಳು. ಡಿಕ್ಕಿಯಲ್ಲಿ ಎರಡು ಮೂಟೆ ಗೊಬ್ಬರ. ಹೊಳಲ್ಕೆರೆ ಇನ್ನೇನು ಹತ್ತು ಕಿಲೋಮೀಟರ್ ಅನ್ನುವಾಗ ಹಿಂದಿನ ಎಡಗಡೆ ಟೈರು ಢಂ ಅಂತು. ಕಾರು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಬಾಲ ಆಡಿಸಿಕೊಂಡು ಹೋಗಿ, ರಸ್ತೆ ಬಿಟ್ಟು ಇಳಿದು, ಜಾಲಿ ಪೊದೆಗೆ ಮೂತಿ ತೂರಿಸಿ ನಿಂತಿತು. ಎದುರಿನಿಂದ ಒಂದು ಲಾರಿ ಬರ್ತಾ ಇತ್ತಂತೆ. ಬಲಕ್ಕೇ ಹೋಗಿದ್ದಿದ್ರೆ ನಾನು ಇವತ್ತು ಈ ವಿಷಯವನ್ನು ಬೇರೆ ಥರ ಮಾತಾಡ್ತಿದ್ದೆ. ಮೊಮ್ಮಗಳ ತುಟಿ ಒಡೆದು ರಕ್ತ ಬಂತು. ಅಷ್ಟೇ.

ಚಿಕ್ಕಮ್ಮ ಫೋನ್ ಮಾಡಿ ಹೇಳಿದ್ದು: "ನಮ್ಮೂರ ಬಯಲು ಗಣಪ ಕಾಪಾಡಿದ ಕಣಪ್ಪ. ಎಲ್ಲಾ ಅವನ ಆಟ."

ಕಾಪಾಡಿದ್ದು ಗಣಪನೇ ಇರಲಿ. ನಾನು ಅದಕ್ಕೆ ಎದುರು ಮಾತಾಡಲ್ಲ. ಆದರೆ ಸಿಡಿಸಿದ್ದು ಅವನಲ್ಲ. ಇದನ್ನ ನಾನು ಹೇಳ್ತಿಲ್ಲ, ಬಾಂಬೆ ಹೈಕೋರ್ಟ್ ಹೇಳಿದೆ. 2010ರ ಅಕ್ಟೋಬರ್‌ನಲ್ಲಿ ಪುಣೆಯಿಂದ ಮುಂಬೈಗೆ ಹೊರಟ ಕಾರೊಂದರ ಟೈರ್ ಸಿಡಿದು, ಅದರಲ್ಲಿದ್ದ 38 ವರ್ಷದ ವ್ಯಕ್ತಿ ತೀರಿಕೊಂಡರು. ವಿಮಾ ಕಂಪನಿಯ ವಾದ ಏನು ಗೊತ್ತಾ? ಟೈರ್ ಸಿಡಿಯೋದು ದೈವೇಚ್ಛೆ, ಮನುಷ್ಯನ ಕೈಯಲ್ಲಿಲ್ಲ, ಹಾಗಾಗಿ ಪರಿಹಾರ ಕೊಡಲ್ಲ. 2023ರಲ್ಲಿ ಕೋರ್ಟ್ ಆ ವಾದವನ್ನ ಒಪ್ಪಲಿಲ್ಲ. ಟೈರ್ ಸಿಡಿಯೋದು ದೈವೇಚ್ಛೆ ಅಲ್ಲ, ಮನುಷ್ಯನ ನಿರ್ಲಕ್ಷ್ಯ ಅಂತ ಹೇಳಿ, ಕುಟುಂಬಕ್ಕೆ ಸಿಕ್ಕಿದ್ದ ಒಂದೂಕಾಲು ಕೋಟಿ ಪರಿಹಾರವನ್ನು ಎತ್ತಿ ಹಿಡಿಯಿತು.

ನಮ್ಮ ಮನೆ ಕೇಸಿನಲ್ಲಿ ಆ ಮನುಷ್ಯ ಯಾರು? ನಾನು. ಒದ್ದು ಸರ್ಟಿಫಿಕೇಟ್ ಕೊಟ್ಟವನು.

ಮುಂದಿನ ಶನಿವಾರ ಹೊಳಲ್ಕೆರೆಗೆ ಹೋದೆ. ಈ ಸಲ ಒದೆಯಲಿಲ್ಲ, ಮಂಡಿಯೂರಿ ಕೂತೆ. ಟೈರಿನ ಪಕ್ಕೆಯಲ್ಲಿ ಅಂಡಾಕಾರದ ಚಿಕ್ಕ ಚೌಕಟ್ಟು, ಅದರೊಳಗೆ ನಾಲ್ಕು ಅಂಕಿ: 1914. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2014ನೇ ಇಸವಿಯ 19ನೇ ವಾರ, ಅಂದ್ರೆ ಮೇ ತಿಂಗಳು. ಕಾರಿನ ಜೊತೆ ಫ್ಯಾಕ್ಟರಿಯಿಂದ ಬಂದ ಟೈರು! ಸ್ಟೆಪ್ನಿ ತೆಗೆದು ನೋಡಿದ್ರೆ ಅದೂ ಅದೇ ವಯಸ್ಸು. ಹನ್ನೊಂದು ವರ್ಷ ದಾಟಿದ ರಬ್ಬರಿನ ಮೇಲೆ ನಮ್ಮ ಮನೆ ಮಗು ಕೂತು ಬಂದಿತ್ತು.

ಒಂದು ಎಚ್ಚರಿಕೆ. ಈ ನಾಲ್ಕು ಅಂಕಿ ಸಾಮಾನ್ಯವಾಗಿ ಟೈರಿನ ಒಂದೇ ಪಕ್ಕೆಯಲ್ಲಿರುತ್ತೆ. ಹೊರಗಡೆ ಕಾಣಲಿಲ್ಲ ಅಂದ್ರೆ ಒಳಗಡೆ ಇರುತ್ತೆ. ಕಾರಿನ ಕೆಳಗೆ ತಲೆ ತೂರಿಸಿ, ಮೊಬೈಲ್ ಟಾರ್ಚ್ ಹಾಕಿ ನೋಡಬೇಕು. ಬಟ್ಟೆಗೆ ಮಣ್ಣಾಗುತ್ತೆ. ಆಗಲಿ.

ಮಾರಿದವರು ಮೋಸ ಮಾಡಿದ್ರಾ? ಇಲ್ಲ. ಕಾರು ನಿಜವಾಗಲೂ ಕಡಿಮೆ ಓಡಿತ್ತು. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಎಲ್ಲರೂ ಬೀಳೋ ಹಳ್ಳ ಇದೇ. ಕಡಿಮೆ ಓಡಿದೆ ಅಂದ್ರೆ ನಾವು ಖುಷಿಪಡ್ತೀವಿ. ಕಡಿಮೆ ಓಡಿದ ಕಾರಿನ ಟೈರು ಸವೆದಿರಲ್ಲ, ಮುದಿಯಾಗಿರುತ್ತೆ. ಬಿಸಿಲು, ಗಾಳಿಯಲ್ಲಿರೋ ಆಮ್ಲಜನಕ, ಓಜೋನ್, ಇವೆಲ್ಲ ಸೇರಿ ರಬ್ಬರನ್ನು ಗಟ್ಟಿ ಮಾಡಿ ಬಿರುಕು ಬಿಡಿಸುತ್ತವೆ. ಅದನ್ನ ತಡೆಯೋಕೆ ಅಂತಲೇ ಟೈರಿನೊಳಗೆ ಒಂದು ಥರದ ಮೇಣ ಬೆರೆಸಿರ್ತಾರೆ. ಟೈರು ಉರುಳಿ ಉರುಳಿ ಬಾಗಿದಾಗ ಆ ಮೇಣ ಮೇಲಕ್ಕೆ ಬಂದು ಪದರ ಕಟ್ಟುತ್ತೆ. ನಿಂತೇ ಇರೋ ಕಾರಿನಲ್ಲಿ ಆ ಕೆಲಸ ಸರಿಯಾಗಿ ನಡೆಯಲ್ಲ. ದೊಡ್ಡ ಟೈರ್ ಕಂಪನಿಗಳೇ ಹೇಳ್ತವೆ: ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ತೋರಿಸಿ, ಹತ್ತು ವರ್ಷಕ್ಕೆ ಗ್ರಿಪ್ ಎಷ್ಟೇ ಇದ್ರೂ ತೆಗೆದುಹಾಕಿ. ಇನ್ನು ನಮ್ಮ ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಕಾರಿನ ಟೈರಿನ ಗ್ರಿಪ್ 1.6 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಅಂತ ಇದೆ. ಅದಕ್ಕಾಗಿಯೇ ಗ್ರಿಪ್ಪಿನ ಕಾಲುವೆಗಳ ನಡುವೆ ಅಡ್ಡಕ್ಕೆ ಚಿಕ್ಕ ದಿಬ್ಬ ಇರುತ್ತೆ. ಸವೆದು ಆ ದಿಬ್ಬದ ಮಟ್ಟಕ್ಕೆ ಬಂತು ಅಂದ್ರೆ ಟೈರಿನ ಕಥೆ ಮುಗೀತು. ಚಿಕ್ಕಪ್ಪನ ಟೈರು ಆ ಪರೀಕ್ಷೆಯಲ್ಲಿ ಪಾಸ್ ಆಗ್ತಿತ್ತು. ಪಾಸ್ ಆಗಿಯೇ ಸಿಡೀತು.

ಮುದಿತನ ಒಂದೇ ಅಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಚಿಕ್ಕಪ್ಪ ಒಂದೇ ಸಲ ಗಾಳಿ ಹಿಡಿಸಿದ್ದು. ಬೇಸಿಗೆಯಲ್ಲಿ ಗಾಳಿ ಜಾಸ್ತಿಯಾಗಿ ಟೈರ್ ಸಿಡಿಯುತ್ತೆ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಹಾಗಂತ ಎರಡು ಪಾಯಿಂಟ್ ಕಡಿಮೆ ಹಾಕಿಸೋರೂ ಇದ್ದಾರೆ. ಆದರೆ ಬಹುಪಾಲು ನಡೆಯೋದು ಉಲ್ಟಾ. ಗಾಳಿ ಕಡಿಮೆ ಇದ್ದಾಗ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತೆ, ಬಿಸಿಯಾಗುತ್ತೆ. ಮೇಲೆ ಭಾರ, ಕೆಳಗೆ ಕಾದ ಡಾಂಬರು, ವಯಸ್ಸಾದ ರಬ್ಬರು. ಅಮೆರಿಕದಲ್ಲಿ 2000ನೇ ಇಸವಿ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟೈರುಗಳನ್ನು ವಾಪಸ್ ಕರೆಸಿಕೊಂಡಿತ್ತು. ಓಡ್ತಾ ಓಡ್ತಾ ಟೈರಿನ ಮೇಲ್ಪಟ್ಟಿಯೇ ಕಿತ್ತು ಬಂದು ಕಾರುಗಳು ಪಲ್ಟಿಯಾಗಿ 270ಕ್ಕೂ ಹೆಚ್ಚು ಜನ ಸತ್ತಿದ್ದರು. ಅಲ್ಲೂ ಚರ್ಚೆಗೆ ಬಂದಿದ್ದು ಇವೇ: ಬಿಸಿಲು, ಭಾರ, ಕಡಿಮೆ ಗಾಳಿ. ಅದಾದ ಮೇಲೆಯೇ ಗಾಳಿ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತೋ ವ್ಯವಸ್ಥೆ ಅಲ್ಲಿ ಕಡ್ಡಾಯವಾಯ್ತು. ಚಿಕ್ಕಪ್ಪನ ಕಾರಿನಲ್ಲಿ ಅಂಥ ದೀಪ ಇಲ್ಲ. ಡ್ರೈವರ್ ಬಾಗಿಲು ತೆಗೆದರೆ ಎಷ್ಟು ಗಾಳಿ ಇರಬೇಕು ಅಂತ ಬರೆದ ಸ್ಟಿಕ್ಕರ್ ಇದೆ. ಅದನ್ನೂ ಯಾರೂ ಓದಲ್ಲ ಬಿಡಿ.

ಈಗ ಬರೋಣ ದುಡ್ಡಿನ ವಿಷಯಕ್ಕೆ. ಅಸಲಿ ಸಮಸ್ಯೆ ಅದೇ ತಾನೆ?

ಕಾರಿಗೆ ಎರಡು ಮುಕ್ಕಾಲು ಲಕ್ಷ ಕೊಟ್ಟಾಗಿದೆ. ಮೇಲೆ ಸೀಟ್ ಕವರ್, ಮ್ಯೂಸಿಕ್ ಸಿಸ್ಟಂ, ಹಿಂದಿನ ಗಾಜಿಗೆ ದೇವರ ಸ್ಟಿಕ್ಕರ್. ಅಡಿಕೆ ಇನ್ನೂ ಮಾರಿಲ್ಲ. ಈ ಹೊತ್ತಲ್ಲಿ ಟೈರು ಅಂದ್ರೆ ಯಾರಿಗಾದ್ರೂ ಎದೆ ಧಸಕ್ ಅನ್ನುತ್ತೆ. ಚಿಕ್ಕಪ್ಪ ಆಗಲೇ ಒಂದು ದಾರಿ ಹುಡುಕಿಟ್ಟಿದ್ರು. ಹೈವೇ ಪಕ್ಕ ಸೆಕೆಂಡ್ ಹ್ಯಾಂಡ್ ಟೈರ್ ಮಾರೋರು ಇದ್ದಾರಂತೆ, ಒಂದಕ್ಕೆ ಸಾವಿರದೈನೂರು, ದೊಡ್ಡ ಕಂಪನಿಯದೇ ಅಂತೆ. "ಹೊಸದಕ್ಕೆ ನಾಲ್ಕು ಸಾವಿರದ ಆರುನೂರು ಹೇಳ್ತಾನೆ. ಮೂರರಲ್ಲೊಂದು ಪಾಲಿಗೆ ಮುಗಿಯುತ್ತೆ ಕಣೋ."

ನಾನು ಪೆನ್ನು ಪೇಪರ್ ತಗೊಂಡೆ. ಹೊಸ ಟೈರು ನಾಲ್ಕಕ್ಕೆ 18,400. ಸಾಧಾರಣ ಓಡಿಸಿದ್ರೂ 40 ಸಾವಿರ ಕಿಲೋಮೀಟರ್ ಬರುತ್ತೆ ಅಂತ ಇಟ್ಕೊಳ್ಳಿ. ಕಿಲೋಮೀಟರ್‌ಗೆ 46 ಪೈಸೆ. ಹಳೇದು ನಾಲ್ಕಕ್ಕೆ 6,000. ಅದರಲ್ಲಿ ಇನ್ನು ಹತ್ತು ಸಾವಿರ ಕಿಲೋಮೀಟರ್ ಉಳಿದಿದ್ರೆ ಅದೃಷ್ಟ. ಕಿಲೋಮೀಟರ್‌ಗೆ 60 ಪೈಸೆ. ಚಿಕ್ಕಪ್ಪ ಪೇಪರನ್ನು ಹತ್ತಿರ ಹಿಡಿದು ನೋಡಿದ್ರು. "ಹಂಗಾದ್ರೆ ಅಗ್ಗದ್ದೇ ದುಬಾರಿ ಅಂತೀಯಾ?" ಹೂಂ ಅಂದೆ. ಸೆಕೆಂಡ್ ಹ್ಯಾಂಡ್ ಟೈರ್ ಒಳಗೆ ಯಾವ ಗುಂಡಿಗೆ ಬಿದ್ದು ತಂತಿ ಮುರಿದಿದೆ, ಎಲ್ಲಿ ಎಷ್ಟು ದಿನ ಗಾಳಿ ಇಲ್ಲದೆ ಓಡಿದೆ, ಅದರ ಜಾತಕ ಯಾರ ಹತ್ರ ಇದೆ? ಮೇಲೆ ಕಪ್ಪು ಪಾಲಿಶ್ ಹೊಡೆದಿರ್ತಾರೆ. ಕೆಲವು ಕಡೆ ಸವೆದ ಟೈರಿಗೆ ಬಿಸಿ ಬ್ಲೇಡಿನಲ್ಲಿ ಹೊಸದಾಗಿ ಗೆರೆ ಕೊರೆದು ಗ್ರಿಪ್ ತೋರಿಸ್ತಾರೆ. ಇದ್ದ ರಬ್ಬರನ್ನೂ ಕೊರೆದು ತೆಗೆದರೆ ಉಳಿಯೋದೇನು?

ಸಾರಿಗೆ ಬಸ್ಸುಗಳೇ ರೀಟ್ರೆಡ್ ಟೈರಲ್ಲಿ ಓಡ್ತವಲ್ಲ ಅಂತ ನೀವು ಕೇಳಬಹುದು. ನಿಜ, ಓಡ್ತವೆ. ಅದು ಬೇರೆ. ಅಲ್ಲಿ ಹಳೆ ಟೈರಿನ ಕವಚವನ್ನು ಪರೀಕ್ಷಿಸಿ, ಮೇಲೆ ಹೊಸ ರಬ್ಬರಿನ ಪಟ್ಟಿ ಕೂರಿಸ್ತಾರೆ. ದಪ್ಪ ಕವಚದ ಬಸ್ಸು ಲಾರಿ ಟೈರುಗಳನ್ನು ಅದಕ್ಕೆ ತಕ್ಕ ಹಾಗೇ ಮಾಡಿರ್ತಾರೆ. ಹೈವೇ ಪಕ್ಕ ಗುಡ್ಡೆ ಹಾಕಿದ ಕಾರಿನ ಟೈರಿಗೆ ಆ ಹೋಲಿಕೆ ಬೇಡ.

ಹಾಗಾದ್ರೆ ಬಡವನಿಗೆ ದಾರಿ ಯಾವುದು? ಹೊಸ ಟೈರುಗಳಲ್ಲೇ ಅಗ್ಗದ್ದು. ಇದಕ್ಕೆ ಹೆದರಬೇಕಾಗಿಲ್ಲ. ನಮ್ಮ ದೇಶದಲ್ಲಿ ಮಾರೋ ಹೊಸ ಕಾರು ಟೈರಿಗೆ ಐಎಸ್‌ಐ ಮುದ್ರೆ ಬೇಕೇ ಬೇಕು, 2009ರ ಗುಣಮಟ್ಟ ನಿಯಂತ್ರಣ ಆದೇಶದಿಂದ ಬಂದ ನಿಯಮ ಅದು. ಒದ್ದೆ ರಸ್ತೆಯಲ್ಲಿ ಹಿಡಿತ ಎಷ್ಟಿರಬೇಕು ಅನ್ನೋದಕ್ಕೂ ಮಿತಿ ಹಾಕೋ ನಿಯಮವನ್ನ ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ಅಧಿಸೂಚಿಸಿದೆ. ಎಂಆರ್‌ಎಫ್, ಅಪೋಲೋ, ಸಿಯಟ್, ಜೆಕೆ, ಎಲ್ಲರ ಹತ್ರವೂ ಸಣ್ಣ ಕಾರಿಗೆ ಸಾಧಾರಣ ಬೆಲೆಯ ಟೈರಿದೆ. ನಾವು ಚಿಕ್ಕವರಿದ್ದಾಗ ಮೈಸೂರಿನ ವಿಕ್ರಾಂತ್ ಟೈರು ಅಂದ್ರೆ ನಮ್ಮದು ಅನ್ನೋ ಹೆಮ್ಮೆ ಇತ್ತು. ಆ ಕಾರ್ಖಾನೆ 1997ರಲ್ಲಿ ಜೆಕೆ ಕೈಗೆ ಹೋಯ್ತು, ಇವತ್ತಿಗೂ ಮೈಸೂರಿನಲ್ಲಿ ಟೈರು ತಯಾರಾಗ್ತಾನೇ ಇದೆ. ಇನ್ನೊಂದು ಸಮಾಧಾನ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ 4,000 ಇರೋ ಟೈರಿಗೆ ಮೊದಲು 5,120 ಆಗ್ತಿತ್ತು, ಈಗ 4,720. ನಾಲ್ಕು ಟೈರಿಗೆ 1,600 ಉಳಿತಾಯ. ಅಂಗಡಿಯವರು ಹಳೇ ರೇಟು ಹೇಳಿದ್ರೆ ಬಿಲ್ ಕೇಳಿ. ಬಿಲ್ಲಿನಲ್ಲಿ ತೆರಿಗೆ ಶೇಕಡ 18 ಅಂತ ಇರಬೇಕು.

ಹೊಳಲ್ಕೆರೆಯ ಟೈರ್ ಅಂಗಡಿಗೆ ಹೋದ್ವಿ. ಕೌಂಟರಿನಲ್ಲಿದ್ದ ಹುಡುಗ ಮೊದಲು ತೋರಿಸಿದ್ದೇ ಎಲ್ಲಕ್ಕಿಂತ ದುಬಾರಿ ಟೈರು. "ಇದು ಅರವತ್ತು ಸಾವಿರ ಕಿಲೋಮೀಟರ್ ಗ್ಯಾರಂಟಿ ಬರುತ್ತೆ ಸಾರ್." ಚಿಕ್ಕಪ್ಪನ ಕಣ್ಣು ಅಗಲ ಆಯ್ತು. ನಾನು ಕೇಳಿದೆ, ಚಿಕ್ಕಪ್ಪ, ನೀವು ವರ್ಷಕ್ಕೆ ಎಷ್ಟು ಓಡಿಸ್ತೀರಿ? ವಾರಕ್ಕೆರಡು ಸಲ ದುರ್ಗ, ವರ್ಷಕ್ಕೆ ಒಂದೆರಡು ಸಲ ಬೆಂಗಳೂರು. ಎಂಟು ಸಾವಿರ ದಾಟಲ್ಲ. ಅರವತ್ತು ಸಾವಿರ ಓಡಿಸೋಕೆ ಏಳೂವರೆ ವರ್ಷ ಬೇಕು. ಅಷ್ಟರಲ್ಲಿ ಟೈರು ಸವೆಯೋ ಮೊದಲೇ ಮತ್ತೆ ಮುದಿಯಾಗಿರುತ್ತೆ. ಓಡದೇ ಇರೋ ಕಿಲೋಮೀಟರಿಗೆ ಈಗಲೇ ಯಾಕೆ ದುಡ್ಡು ಕೊಡಬೇಕು? ಟ್ಯಾಕ್ಸಿ ಓಡಿಸೋರು ಕೊಡಲಿ, ಅವರಿಗೆ ಅದು ಲಾಭ. ಸಾಲದ್ದಕ್ಕೆ, ಹೆಚ್ಚು ಬಾಳಿಕೆಗೆ ಅಂತ ರಬ್ಬರು ಗಟ್ಟಿ ಮಾಡಿದ್ರೆ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾಗೋ ಸಾಧ್ಯತೆ ಇರುತ್ತೆ. ಎರಡನ್ನೂ ಒಟ್ಟಿಗೆ ಕೊಡೋದು ಸುಲಭ ಅಲ್ಲ. ಕಡಿಮೆ ಓಡಿಸೋರಿಗೆ ಬೇಕಾಗಿರೋದು ಹೊಸದಾಗಿ ತಯಾರಾದ, ಸಾಧಾರಣ ಬೆಲೆಯ, ಹಿಡಿತ ಚೆನ್ನಾಗಿರೋ ಟೈರು.

ಹುಡುಗ ಬಿಡಲಿಲ್ಲ. "165 ಬೇಡ ಸಾರ್, 185/65 ಹಾಕಿ. ಅಗಲ ಬರುತ್ತೆ, ಲುಕ್ ಬರುತ್ತೆ." ಇಲ್ಲಿ ನನ್ನ ಎಂಜಿನಿಯರಿಂಗ್ ಡಿಗ್ರಿಗೆ ಹದಿನೈದು ವರ್ಷದಲ್ಲಿ ಮೊದಲ ಸಲ ಕೆಲಸ ಸಿಕ್ತು. ಚಿಕ್ಕಪ್ಪನ ಕಾರಿನದ್ದು 165/80 ಆರ್14. ಅಂದ್ರೆ ಟೈರಿನ ಅಗಲ 165 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡ 80, ಡಿಸ್ಕ್ 14 ಇಂಚು. ಲೆಕ್ಕ ಹಾಕಿದ್ರೆ ಚಕ್ರದ ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್. ಅದೇ 14 ಇಂಚಿನ ಡಿಸ್ಕಿಗೆ 185/65 ಹಾಕಿದ್ರೆ 596. ಮೀಟರು ನೂರು ತೋರಿಸಿದಾಗ ಗಾಡಿ 96ರಲ್ಲಿ ಇರುತ್ತೆ, ಕಿಲೋಮೀಟರೂ ಸುಳ್ಳು ಏರುತ್ತೆ. ಅದು ಹೋಗ್ಲಿ, ಕಾರು ನೆಲಕ್ಕೆ 12 ಮಿಲಿಮೀಟರ್ ಹತ್ತಿರ ಆಗುತ್ತೆ. ನಮ್ಮ ಕಡೆ ಹಳ್ಳಿಗೊಂದರಂತೆ, ಕೆಲವು ಕಡೆ ಮನೆಗೊಂದರಂತೆ ಇರೋ ಹಂಪುಗಳ ಮೇಲೆ? ಬೇಡಪ್ಪ, ಇದ್ದ ಸೈಜೇ ಕೊಡು ಅಂದೆ. ಸೈಜಿನ ಪಕ್ಕದಲ್ಲಿ 85ಟಿ ಅಂತ ಇತ್ತು. 85 ಅಂದ್ರೆ ಒಂದು ಟೈರು 515 ಕಿಲೋ ಹೊರಬಲ್ಲದು, ಟಿ ಅಂದ್ರೆ ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ. ವೇಗ ಚಿಕ್ಕಪ್ಪನಿಗೆ ಬೇಕಾಗಿಲ್ಲ. ಗೊಬ್ಬರದ ಮೂಟೆ ಹೇರೋರಿಗೆ ಆ 85 ಮುಖ್ಯ. ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಅಂಕಿಯ ಟೈರು ಎಷ್ಟೇ ಅಗ್ಗ ಆದ್ರೂ ಮುಟ್ಟಬೇಡಿ.

"ಎರಡೇ ಹಾಕಿಸಿದ್ರೆ ಆಗಲ್ವೇನೋ? ಇನ್ನೆರಡು ಅಡಿಕೆ ಮಾರಿದ ಮೇಲೆ" ಅಂದ್ರು ಚಿಕ್ಕಪ್ಪ. ಅವರ ಟೈರುಗಳೆಲ್ಲ ಹನ್ನೊಂದು ವರ್ಷದವು, ಅದಕ್ಕೇ ಒಪ್ಪಲಿಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಎರಡಕ್ಕೇ ದುಡ್ಡಿರೋದು. ಅವರಿಗೆ ಹೇಳ್ತೀನಿ, ಕೇಳಿ. ಹೊಸ ಎರಡನ್ನು ಹಿಂದಕ್ಕೆ ಹಾಕಿಸಿ. ಅಂಗಡಿಯವರು ಮುಂದಕ್ಕೆ ಹಾಕ್ತೀನಿ ಅಂತಾರೆ, ಎಂಜಿನ್ ಎಳೆಯೋದು ಮುಂದಿನ ಚಕ್ರ ಅಂತ ಕಾರಣಾನೂ ಕೊಡ್ತಾರೆ. ನಮ್ಮ ಹುಡುಗನೂ ಅದನ್ನೇ ಹೇಳಿದ. ಮಳೆಯಲ್ಲಿ ಮುಂದಿನ ಟೈರು ಜಾರಿದ್ರೆ ಕಾರು ನೇರ ಹೋಗುತ್ತೆ, ಕಾಲು ತೆಗೆದ್ರೆ ಮತ್ತೆ ಹಿಡಿತಕ್ಕೆ ಬರುತ್ತೆ. ಹಿಂದಿನದು ಜಾರಿದ್ರೆ ಕಾರು ಬುಗುರಿ. ಚಿಕ್ಕಪ್ಪನನ್ನು ಕೇಳಿ, ಹಿಂದಿನ ಚಕ್ರ ಕೈಕೊಟ್ಟಾಗ ಏನಾಗುತ್ತೆ ಅಂತ.

ಕೊನೆಗೆ ನಾಲ್ಕು ಆರಿಸಿದ್ವಿ. ಹುಡುಗ ಒಳಗಿಂದ ತಂದಾಗ ನಾಲ್ಕರ ಅಂಕಿಯನ್ನೂ ಓದಿದೆ. ಮೂರು ಈ ವರ್ಷದ್ದು. ನಾಲ್ಕನೆಯದು 0722, ಮೂರೂವರೆ ವರ್ಷ ಗೋದಾಮಿನಲ್ಲಿ ಮಲಗಿದ್ದದ್ದು. "ಅದೂ ಹೊಸದೇ ಸಾರ್, ಬಿಲ್ಲೂ ಆಗಿಲ್ಲ." ನೆರಳಲ್ಲಿ ಇಟ್ಟ ಟೈರು ಬಿಸಿಲಲ್ಲಿ ಓಡಿದ್ದರಷ್ಟು ಕೆಡಲ್ಲ, ಒಪ್ತೀನಿ. ಆದರೆ ಅದೇ ದುಡ್ಡಿಗೆ ಹೊಸದು ಸಿಗುವಾಗ ಹಳೇದು ಯಾಕೆ? ಹಾಲಿನ ಪ್ಯಾಕೆಟ್ ಮೇಲಿನ ತಾರೀಕು ನೋಡಿ ತಗೊಳ್ಳೋ ಜನ ನಾವು. ಬದಲಾಯಿಸಿ ಕೊಟ್ಟ. ಸ್ವಲ್ಪ ಗೊಣಗಿದ, ಕೊಟ್ಟ. ನೈಟ್ರೋಜನ್ ಹಾಕಲಾ ಅಂದ. ನಾವು ಉಸಿರಾಡೋ ಗಾಳಿಯಲ್ಲೇ ಶೇಕಡ 78 ನೈಟ್ರೋಜನ್ ಇದೆ, ಆ ದುಡ್ಡಲ್ಲಿ ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಮಾಡು ಅಂದೆ. ಐದನೆಯದು, ಸ್ಟೆಪ್ನಿ, ಅಡಿಕೆ ಮಾರಿದ ಮೇಲೆ. ಅಲ್ಲಿವರೆಗೆ ಹಳೆಯವುಗಳಲ್ಲಿ ಬಿರುಕು ಕಡಿಮೆ ಇರೋ ಒಂದು, ಪಂಕ್ಚರ್ ಅಂಗಡಿವರೆಗೆ ಮೆಲ್ಲಗೆ ಹೋಗೋಕೆ ಮಾತ್ರ. ಇದು ಸರಿಯಾದ ಏರ್ಪಾಡು ಅಲ್ಲ ಅಂತ ನನಗೂ ಗೊತ್ತು. ದುಡ್ಡು ಅಷ್ಟೇ ಇತ್ತು.

ಒಂದು ಮಾತು ಸರ್ಕಾರಕ್ಕೆ. ಈ ಕಾರು ಬೆಂಗಳೂರಿನವರ ಹೆಸರಿನಿಂದ ಚಿಕ್ಕಪ್ಪನ ಹೆಸರಿಗೆ ವರ್ಗಾವಣೆ ಆಯ್ತು. ಫಾರಂ 29, ಫಾರಂ 30, ಇನ್ಶೂರೆನ್ಸ್, ಹೊಗೆ ತಪಾಸಣೆಯ ಪತ್ರ, ಎಲ್ಲಾ ನೋಡಿದ್ರು. ಹೊಗೆ ನೋಡೋಕೆ ಕಾನೂನಿದೆ. ಸ್ವಂತ ಕಾರಿನ ನೋಂದಣಿ ಹದಿನೈದು ವರ್ಷ ಚಾಲ್ತಿ. ಆ ಹದಿನೈದು ವರ್ಷದಲ್ಲಿ ಕೈಬದಲಾಗುವಾಗ ಒಬ್ಬನೇ ಒಬ್ಬ ಬಗ್ಗಿ ಟೈರಿನ ಆ ನಾಲ್ಕು ಅಂಕಿ ಓದಿ ಒಂದು ಕಾಲಂನಲ್ಲಿ ಬರೆಯೋಕೆ ಎಷ್ಟು ಹೊತ್ತು ಬೇಕು? ಎರಡು ನಿಮಿಷ. ಕೊಳ್ಳೋನಿಗೆ ಕನಿಷ್ಠ ಗೊತ್ತಾಗುತ್ತೆ.

ಇನ್ನು ಉಳಿದದ್ದು ಹಳೆ ಟೈರು. ಸಿಡಿದದ್ದು ಒಂದು ಗುಜರಿಗೆ. ಒಂದು ಸ್ಟೆಪ್ನಿ. ಮಿಕ್ಕಿದ್ದು ಮೂರು. ಹುಡುಗ ಅವನ್ನ ತಿರುಗಿಸಿ ನೋಡಿ, "ಗ್ರಿಪ್ ಚೆನ್ನಾಗಿದೆ ಸಾರ್, ಒಂದಕ್ಕೆ ನಾನೂರು ಕೊಡ್ತೀನಿ" ಅಂದ. ನಾನು ಜೂನ್‌ನಲ್ಲಿ ಹೇಳಿದ ಅದೇ ಮಾತು. ಸಾವಿರದ ಇನ್ನೂರು ರೂಪಾಯಿ. ಅಲೈನ್‌ಮೆಂಟಿನ ಖರ್ಚು ಅದರಲ್ಲೇ ಕಳೆದುಹೋಗ್ತಿತ್ತು. ಅಂಗಡಿ ಪಕ್ಕದಲ್ಲೇ ಅಂಥ ಟೈರುಗಳ ಗುಡ್ಡೆ ಇತ್ತು, ಎಲ್ಲಾ ಕಪ್ಪಗೆ ಮಿಂಚ್ತಾ ಇದ್ವು. ಚಿಕ್ಕಪ್ಪ ಆ ಗುಡ್ಡೆಯನ್ನ ಸ್ವಲ್ಪ ಹೊತ್ತು ನೋಡಿದ್ರು. ಆಮೇಲೆ "ಡಿಕ್ಕಿಗೆ ಹಾಕಪ್ಪ ತಮ್ಮಾ, ಮನೆಗೆ ಒಯ್ತೀವಿ" ಅಂದ್ರು.

ಕಳೆದ ವಾರ ಫೋಟೋ ಕಳಿಸಿದ್ದಾರೆ. ಮೂರರ ಪಕ್ಕೆಯನ್ನೂ ಮಚ್ಚಿನಲ್ಲಿ ಸೀಳಿದ್ದಾರೆ. ಎರಡಕ್ಕೆ ಮಣ್ಣು ತುಂಬಿ ಚಿಕ್ಕಮ್ಮ ದೊಡ್ಡಪತ್ರೆ ನೆಟ್ಟಿದ್ದಾರೆ. ಮೂರನೆಯದನ್ನ ತೋಟದ ಹಲಸಿನ ಮರಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟಿದ್ದಾರೆ, ಮೊಮ್ಮಗಳು ಅದರಲ್ಲಿ ಕೂತು ಜೀಕ್ತಾ ಇದ್ದಾಳೆ. ತುಟಿಯ ಗಾಯ ಮಾಸಿದೆ.